ಮಾನವನ ಉಗಮ: ಧರ್ಮಶ್ರದ್ಧೆ ಮತ್ತು ವಿಜ್ಞಾನದ ಸಮನ್ವಯ

ಮನುಷ್ಯಕುಲ ಭೂಮಿಯ ಮೇಲೆ ಹೇಗೆ ಬಂದಿತು ಎಂಬುದಕ್ಕೆ ಧರ್ಮಗ್ರಂಥಗಳು ಹೇಳುವ ಕಥನವನ್ನೂ ಜೀವವಿಜ್ಞಾನ ಕೊಡುವ ವಿವರಣೆಯನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಸಾಧ್ಯವೇ, ಸಾಧ್ಯವಿದ್ದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆ ಚಾರ್ಲ್ಸ್ ಡಾರ್ವಿನ್‌ನ ‘ಜೀವಿಜಾತಿಗಳ ಉಗಮ’ ಗ್ರಂಥ 1859ರಲ್ಲಿ ಪ್ರಕಟವಾದ ಮೇಲೆ ತೀವ್ರವಾಯಿತಾದರೂ ಅದರ ಬೇರುಗಳು ಬಹಳ ಹಿಂದಕ್ಕೆ ಚಾಚಿಕೊಂಡಿವೆ. ಧರ್ಮಕ್ಕೂ ವಿಜ್ಞಾನಕ್ಕೂ ನಡುವಣ ಒಂದೇ ಜಗಳವೆಂದು ಸಾಮಾನ್ಯವಾಗಿ ಭಾವಿಸಲಾಗುವ ಇದು ವಾಸ್ತವದಲ್ಲಿ ಹಲವು ಜಗಳಗಳ ಗೊಂಚಲು: ಕಾಲದ ಲೆಕ್ಕವನ್ನು ಕುರಿತದ್ದು ಒಂದು, ಮನುಷ್ಯನ ದೇಹ ಇತರ ಪ್ರಾಣಿಗಳಿಂದ ಇಳಿದುಬಂದಿತೇ ಎಂಬುದು ಇನ್ನೊಂದು, ಆತ್ಮ, ಪಾಪ, ಸೃಷ್ಟಿಯ ಉದ್ದೇಶ ಇವುಗಳಿಗೆ ಸಂಬಂಧಿಸಿದ್ದು ಮತ್ತೊಂದು. ಒಂದು ಮತಕ್ಕೆ ಬಿಡಿಸಲಾಗದ ಕಗ್ಗಂಟಾದದ್ದು ಇನ್ನೊಂದು ಮತಕ್ಕೆ ಸಮಸ್ಯೆಯೇ ಅಲ್ಲದಿರಬಹುದು. ಆದ್ದರಿಂದ ‘ಧರ್ಮ ವಿಕಾಸವಾದವನ್ನು ಒಪ್ಪುತ್ತದೆಯೇ’ ಎಂದು ಸಾರಾಸಗಟಾಗಿ ಕೇಳುವುದಕ್ಕಿಂತ ಯಾವ ಮತ, ಯಾವ ಅಂಶದಲ್ಲಿ, ಏನನ್ನು ಬಿಟ್ಟುಕೊಟ್ಟು ಏನನ್ನು ಉಳಿಸಿಕೊಂಡಿತು ಎಂದು ಕೇಳುವುದು ಹೆಚ್ಚು ಫಲಕಾರಿ.

ವಿಜ್ಞಾನದ ನಿಲುವು

ಈಗಿನ ಮಾನವಜಾತಿಯಾದ ಹೋಮೋ ಸೇಪಿಯನ್ಸ್ ಆಫ್ರಿಕಾದಲ್ಲಿ ಸುಮಾರು 3 ಲಕ್ಷ ವರ್ಷಗಳ ಹಿಂದೆ ರೂಪುಗೊಳ್ಳತೊಡಗಿತೆಂದು ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಂತಹ ನೆಲೆಗಳಲ್ಲಿ ಸಿಕ್ಕಿದ ಪಳೆಯುಳಿಕೆಗಳಿಂದ ತಿಳಿದುಬರುತ್ತದೆ. ಮನುಷ್ಯ ಮತ್ತು ಚಿಂಪಾಂಜಿಗಳ ವಂಶಗಳು ಸಮಾನ ಪೂರ್ವಜರಿಂದ ಕವಲೊಡೆದು ಸುಮಾರು 60ರಿಂದ 70 ಲಕ್ಷ ವರ್ಷಗಳಾಗಿವೆ. ಹೀಗಾಗಿ ಇಂದಿನ ಮಂಗನಿಂದ ಮನುಷ್ಯ ಹುಟ್ಟಿದ ಎಂಬ ಜನಪ್ರಿಯ ಮಾತು ವಿಜ್ಞಾನದ ಮಾತಲ್ಲ. ಮನುಷ್ಯನಲ್ಲಿ 23 ಜೊತೆ ವರ್ಣತಂತುಗಳಿದ್ದರೆ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24 ಜೊತೆ ಇವೆ. ಸಾಮಾನ್ಯವಾಗಿ ವರ್ಣತಂತುವಿನ ತುದಿಗಳಲ್ಲಿರುವ ಬಗೆಯ ಡಿಎನ್‌ಎ ಸರಣಿ ಮನುಷ್ಯನ ಎರಡನೆಯ ವರ್ಣತಂತುವಿನ ಒಡಲಲ್ಲಿಯೇ ಕಾಣಿಸಿಕೊಳ್ಳುವುದರಿಂದ, ಹಿಂದೆ ಬೇರೆಬೇರೆಯಾಗಿದ್ದ ಎರಡು ವರ್ಣತಂತುಗಳು ಬೆಸೆದುಕೊಂಡು ಅದು ಉಂಟಾಯಿತೆಂದು ತಳಿವಿಜ್ಞಾನಿಗಳು ನಿರ್ಧರಿಸಿದ್ದಾರೆ. 2010ರಲ್ಲಿ ನಿಯಾಂಡರ್ತಾಲ್ ಮಾನವನ ಜೀನೋಮ್, ಅಂದರೆ ಆನುವಂಶಿಕ ಮಾಹಿತಿಯ ಸಮಗ್ರ ಪಾಠ, ಓದಲ್ಪಟ್ಟಾಗ ಆಫ್ರಿಕಾದ ಹೊರಗಿನ ಜನರಲ್ಲಿ ಆ ಅಳಿದ ಕುಲದ ಅಲ್ಪ ಅಂಶ ಇಂದಿಗೂ ಉಳಿದಿರುವುದು ಗೊತ್ತಾಯಿತು.

ಈ ಬದಲಾವಣೆಗಳನ್ನು ನಡೆಸಿದ ಮುಖ್ಯ ಶಕ್ತಿಯೆಂದು ಡಾರ್ವಿನ್ ಗುರುತಿಸಿದ್ದು ನೈಸರ್ಗಿಕ ಆಯ್ಕೆಯನ್ನು: ಒಂದೇ ಜಾತಿಯ ಜೀವಿಗಳಲ್ಲಿ ಹುಟ್ಟಿನಿಂದ ಬರುವ ಚಿಕ್ಕಪುಟ್ಟ ವ್ಯತ್ಯಾಸಗಳಲ್ಲಿ ಬದುಕಿಗೂ ಸಂತಾನಕ್ಕೂ ಅನುಕೂಲವಾದವು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಹೋಗುವುದು. ಇಂತಹ ವ್ಯತ್ಯಾಸಗಳಿಗೆ ಮೂಲವಾದ ಉತ್ಪರಿವರ್ತನೆಗಳು ಯಾದೃಚ್ಛಿಕ ಎಂದು ವಿಜ್ಞಾನಿಗಳು ಹೇಳುವಾಗ ಅವರ ಅರ್ಥ ಇಷ್ಟೇ, ಜೀವಿಗೆ ಏನು ಬೇಕೆಂಬುದಕ್ಕೂ ಯಾವ ಉತ್ಪರಿವರ್ತನೆ ಆಗುತ್ತದೆಂಬುದಕ್ಕೂ ಸಂಬಂಧವಿಲ್ಲ ಎಂದು. ಕಾರಣವೇ ಇಲ್ಲವೆಂದಾಗಲಿ ವಿಶ್ವಕ್ಕೆ ಉದ್ದೇಶವಿಲ್ಲವೆಂದಾಗಲಿ ಅಲ್ಲ. ಧಾರ್ಮಿಕ ವಾದಗಳಲ್ಲಿ ಅರ್ಧಕ್ಕರ್ಧ ಗೊಂದಲ ಹುಟ್ಟಿರುವುದು ಈ ವ್ಯತ್ಯಾಸವನ್ನು ಎರಡೂ ಕಡೆಯವರು ಮರೆತದ್ದರಿಂದ. ವಿಜ್ಞಾನ ತನ್ನ ತೀರ್ಮಾನವನ್ನೇ ಬದಲಿಸಿದ್ದಕ್ಕೆ ಒಂದು ನಿದರ್ಶನ, ಶಿವಾಲಿಕ್ ಬೆಟ್ಟಗಳಲ್ಲಿ 1932ರಲ್ಲಿ ದೊರೆತ, ರಾಮಾಪಿಥೆಕಸ್ ಎಂದು ಹೆಸರಾದ ದವಡೆಯ ತುಣುಕು. ಕೆಲವು ದಶಕ ಮನುಷ್ಯನ ಪೂರ್ವಜನೆಂಬ ಪಟ್ಟದಲ್ಲಿದ್ದ ಅದು 1980ರ ದಶಕದ ವೇಳೆಗೆ ಒರಾಂಗುಟಾನ್‌ನ ಬಳಗಕ್ಕೆ ಸೇರಿತು. ತನ್ನ ತೀರ್ಮಾನವನ್ನು ಹೀಗೆ ತಿದ್ದಿಕೊಳ್ಳುವ ವಿಜ್ಞಾನದೊಂದಿಗೆ ತಿದ್ದುಪಡಿಗೆ ಒಗ್ಗದ ಶಾಸ್ತ್ರವಾಕ್ಯವನ್ನು ಬೆಸೆಯಹೊರಟವರು ಎದುರಿಸಬೇಕಾದ ಅಪಾಯವೂ ಇದೇ.

ಡಾರ್ವಿನ್‌ಗಿಂತ ಮೊದಲು

ಬೈಬಲ್ಲಿನ ಆದಿಕಾಂಡವನ್ನು ಅಕ್ಷರಶಃ ಓದಬೇಕೆಂಬುದು ಕ್ರೈಸ್ತರ ಸನಾತನ ನಿಲುವೆಂದು ತಿಳಿಯುವುದು ಸರಿಯಲ್ಲ. ಐದನೆಯ ಶತಮಾನದ ಆರಂಭದಲ್ಲಿಯೇ ಸಂತ ಅಗಸ್ಟೀನ್, ಸೃಷ್ಟಿಯ ಆರು ದಿನಗಳು ಸೂರ್ಯನ ಲೆಕ್ಕದ ದಿನಗಳಲ್ಲವೆಂದೂ ದೇವರು ಜಗತ್ತಿನಲ್ಲಿ ಬೀಜರೂಪದ ಶಕ್ತಿಗಳನ್ನಿಟ್ಟು ಅವು ಕಾಲಾನುಕ್ರಮದಲ್ಲಿ ಅರಳುವಂತೆ ಮಾಡಿದನೆಂದೂ ವ್ಯಾಖ್ಯಾನಿಸಿದ್ದ. ಪ್ರಕೃತಿಯ ವಿಚಾರದಲ್ಲಿ ಅಜ್ಞಾನದಿಂದ ಮಾತನಾಡಿ ಧರ್ಮಗ್ರಂಥವನ್ನು ನಗೆಪಾಟಲಿಗೆ ಈಡುಮಾಡಬಾರದೆಂದು ಸ್ವಮತೀಯರಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕಹಾಕಿದ್ದು 1650ರಲ್ಲಿ. ಅದು ಪ್ರಾಚೀನ ಸಂಪ್ರದಾಯವಲ್ಲ, ಆಧುನಿಕ ಯುಗದ ಪಾಂಡಿತ್ಯದ ಫಲ.

ಅಷರನ ಸಮಕಾಲೀನನಾದ ಫ್ರೆಂಚ್ ಚಿಂತಕ ಇಸಾಕ್ ಲಾ ಪೇರೇರ್ ಇನ್ನಷ್ಟು ದಿಟ್ಟ ಮಾರ್ಗ ಹಿಡಿದ. ಆದಾಮನು ಯೆಹೂದ್ಯರಿಗೆ ಮಾತ್ರ ಮೂಲಪುರುಷನೆಂದೂ ಅವನಿಗಿಂತ ಮುಂಚೆಯೇ ಭೂಮಿಯಲ್ಲಿ ಮನುಷ್ಯರಿದ್ದರೆಂದೂ 1655ರಲ್ಲಿ ವಾದಿಸಿದ ಈತ ಬಂಧನಕ್ಕೆ ಒಳಗಾಗಿ ರೋಮಿನಲ್ಲಿ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನುಷ್ಯರು ಬೇರೆಬೇರೆ ಮೂಲದಿಂದ ಬಂದವರೆಂಬ ಬಹುಮೂಲವಾದ ಮುಂದೆ ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರ ಕೈಗೆ ಆಯುಧವಾಯಿತು. ಆ ಸಂದರ್ಭದಲ್ಲಿ ಎಲ್ಲರೂ ಒಂದೇ ತಂದೆತಾಯಿಯ ಮಕ್ಕಳೆಂಬ ಬೈಬಲ್ಲಿನ ಕಥನವೂ ಎಲ್ಲರೂ ಒಂದೇ ಮೂಲದವರೆಂಬ ಡಾರ್ವಿನ್‌ನ ಸಿದ್ಧಾಂತವೂ ಒಂದೇ ಪಕ್ಷದಲ್ಲಿ ನಿಂತವು. ‘ಜೀವಿಜಾತಿಗಳ ಉಗಮ’ಕ್ಕೆ ಎರಡು ವರ್ಷ ಮುಂಚೆ, 1857ರಲ್ಲಿ, ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಗಾಸ್ ದೇವರು ಆದಾಮನನ್ನು ಹೊಕ್ಕುಳ ಸಮೇತ ಸೃಷ್ಟಿಸಿದಂತೆಯೇ ಭೂಮಿಯನ್ನೂ ಪಳೆಯುಳಿಕೆಗಳ ಸಮೇತ, ಹಳೆಯದರಂತೆ ಕಾಣುವಂತೆ ಸೃಷ್ಟಿಸಿದನೆಂದು ಬರೆದ. ತರ್ಕದಿಂದ ಇದನ್ನು ಅಲ್ಲಗಳೆಯಲಾಗುವುದಿಲ್ಲ; ಆದರೆ ಕಲ್ಲಿನ ಮೇಲೆ ದೇವರು ಸುಳ್ಳು ಬರೆದನೆಂದು ಒಪ್ಪಲು ಭಕ್ತರೂ ಸಿದ್ಧರಿರಲಿಲ್ಲ.

ಇಂಗ್ಲೆಂಡ್ ಮತ್ತು ಅಮೆರಿಕದ ಪ್ರಾಟೆಸ್ಟಂಟರು

1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್‌ನ ಪಕ್ಷದ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ನಡುವೆ ವಿಕಾಸವಾದವನ್ನು ಕುರಿತು ನಡೆದ ವಾಗ್ವಾದ ಧರ್ಮ-ವಿಜ್ಞಾನಗಳ ಯುದ್ಧದ ಸಂಕೇತವಾಗಿ ಪ್ರಸಿದ್ಧವಾಗಿದೆ. ಆದರೆ ಅದರ ಮರುದಿನವೇ ಅದೇ ಊರಿನಲ್ಲಿ ಪಾದ್ರಿ ಫ್ರೆಡರಿಕ್ ಟೆಂಪಲ್, ದೇವರನ್ನು ವಿಜ್ಞಾನ ವಿವರಿಸಲಾರದ ಸಂದುಗಳಲ್ಲಿ ಹುಡುಕದೆ ನಿಸರ್ಗನಿಯಮಗಳಲ್ಲಿಯೇ ಕಾಣಬೇಕೆಂಬ ಧಾಟಿಯಲ್ಲಿ ಪ್ರವಚನ ಮಾಡಿದ್ದು ಅಷ್ಟು ಪ್ರಸಿದ್ಧವಲ್ಲ. 1884ರ ಉಪನ್ಯಾಸಗಳಲ್ಲಿ ವಿಕಾಸವನ್ನು ಬಹಿರಂಗವಾಗಿ ಒಪ್ಪಿದ ಈತ 1896ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ಪಾದ್ರಿ-ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್ಲಿ ಡಾರ್ವಿನ್‌ಗೆ ಬರೆದ ಮೆಚ್ಚುಗೆಯ ಮಾತು ‘ಜೀವಿಜಾತಿಗಳ ಉಗಮ’ದ ಎರಡನೆಯ ಆವೃತ್ತಿಯಲ್ಲಿಯೇ ಸೇರಿಕೊಂಡಿತು. 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಆತನಿಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ದೊರೆಯಿತು.

ಈ ಅವಧಿಯ ಅತ್ಯಂತ ಗಂಭೀರ ಸಂವಾದ ನಡೆದದ್ದು ಸಭಾಂಗಣದಲ್ಲಲ್ಲ, ಪತ್ರಗಳಲ್ಲಿ. ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತನಾಗಿದ್ದು ಅಮೆರಿಕದಲ್ಲಿ ಡಾರ್ವಿನ್‌ನ ಮೊದಲ ಸಮರ್ಥ ವಕೀಲನಾದ. ನೈಸರ್ಗಿಕ ಆಯ್ಕೆಗೂ ದೈವಶ್ರದ್ಧೆಗೂ ವಿರೋಧವಿಲ್ಲವೆಂದು ಆತ ಬರೆದ ಲೇಖನಗಳನ್ನು ಡಾರ್ವಿನ್ ಸ್ವಂತ ಖರ್ಚಿನಿಂದ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ವ್ಯತ್ಯಾಸಗಳು ಹೇಗೆ ಹುಟ್ಟುತ್ತವೆಂಬುದು ತಿಳಿಯದಿರುವಾಗ ಅವನ್ನು ಒಳ್ಳೆಯ ದಿಕ್ಕಿನಲ್ಲಿ ಹರಿಯಿಸುವವನು ದೇವರೆಂದು ನಂಬಬಹುದೆಂಬುದು ಗ್ರೇಯ ಸಲಹೆ. ಪುಸ್ತಕ ಅಚ್ಚು ಹಾಕಿಸಿದವನೇ ಈ ಸಲಹೆಯನ್ನು ಒಪ್ಪಲಿಲ್ಲ. ಬಂಡೆಯಿಂದ ಉರುಳಿ ಒಡೆದ ಕಲ್ಲುಗಳಲ್ಲಿ ತನಗೆ ಬೇಕಾದ ಆಕಾರದವನ್ನು ಆರಿಸಿ ಮನೆ ಕಟ್ಟುವವನಿಗಾಗಿಯೇ ದೇವರು ಒಂದೊಂದು ಚೂರನ್ನೂ ಆ ಆಕಾರಕ್ಕೆ ಒಡೆಯಿಸಿದನೆನ್ನಬಹುದೇ ಎಂದು 1868ರ ಗ್ರಂಥದ ಕೊನೆಯಲ್ಲಿ ಕೇಳಿದ ಡಾರ್ವಿನ್, ಗ್ರೇಗೆ ಬರೆದ ಪತ್ರವೊಂದರಲ್ಲಿ ಜೀವಂತ ಕಂಬಳಿಹುಳುವಿನ ಒಡಲನ್ನೇ ಮರಿಗಳಿಗೆ ಆಹಾರವಾಗಿಸುವ ಕಣಜದ ಜಾತಿಯನ್ನು ಕರುಣಾಮಯಿಯಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆನೆಂದು ತಿಳಿಸಿದ. ಬೈಬಲ್ಲಿನ ಕಾಲಗಣನೆಗಿಂತ ಈ ಆಕ್ಷೇಪ ಎಷ್ಟೋ ಆಳವಾದದ್ದು, ಏಕೆಂದರೆ ಕಾಲಗಣನೆಯನ್ನು ರೂಪಕವೆಂದು ಓದಿ ಪಾರಾಗಬಹುದು, ನೋವನ್ನು ಹಾಗೆ ಓದಲಾಗುವುದಿಲ್ಲ. ನೈಸರ್ಗಿಕ ಆಯ್ಕೆಯನ್ನು ಡಾರ್ವಿನ್‌ನಷ್ಟೇ ಸ್ವತಂತ್ರವಾಗಿ ಕಂಡುಕೊಂಡಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್ 1869ರಿಂದ ಈಚೆಗೆ ಬೇರೆ ದಾರಿ ಹಿಡಿದು, ಮನುಷ್ಯನ ದೇಹಕ್ಕೆ ಆ ನಿಯಮ ಸಾಕಾದರೂ ಅವನ ಬುದ್ಧಿಗೂ ನೈತಿಕ ಪ್ರಜ್ಞೆಗೂ ಉನ್ನತ ಚೇತನವೊಂದರ ಕೈವಾಡ ಬೇಕೆಂದು ವಾದಿಸತೊಡಗಿದ.

ಅಮೆರಿಕದಲ್ಲಿ ದೇವತಾಶಾಸ್ತ್ರಜ್ಞ ಚಾರ್ಲ್ಸ್ ಹಾಡ್ಜ್ 1874ರಲ್ಲಿ ಡಾರ್ವಿನ್‌ವಾದವೆಂದರೆ ನಾಸ್ತಿಕತೆಯೆಂದು ತೀರ್ಪಿತ್ತನಾದರೂ ಅಲ್ಲಿ ಬೀದಿಜಗಳ ಆರಂಭವಾದದ್ದು ವಿಕಾಸವಾದ ಸಾರ್ವಜನಿಕ ಶಾಲೆಗಳನ್ನು ಪ್ರವೇಶಿಸಿದ ಮೇಲೆ. ಟೆನೆಸೀ ರಾಜ್ಯದ ನಿಷೇಧವನ್ನು ಮೀರಿದ್ದಕ್ಕಾಗಿ 1925ರಲ್ಲಿ ಶಿಕ್ಷಕ ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ವಿಧಿಸಿದ ಮೊಕದ್ದಮೆಯಲ್ಲಿ ಬೈಬಲ್ ಪರವಾಗಿ ವಾದಿಸಿದ ವಿಲಿಯಂ ಜೆನಿಂಗ್ಸ್ ಬ್ರಯಾನ್ ಕೂಡ ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲವೆಂದು ಒಪ್ಪಿದ್ದ. ಭೂಮಿಗೆ ಕೆಲವೇ ಸಾವಿರ ವರ್ಷವೆನ್ನುವ ಇಂದಿನ ಸೃಷ್ಟಿವಾದ ವ್ಯಾಪಕವಾದದ್ದು ವಿಟ್‌ಕೋಂಬ್ ಮತ್ತು ಮಾರಿಸ್ 1961ರಲ್ಲಿ ಬರೆದ ಜಲಪ್ರಳಯದ ಗ್ರಂಥದ ಬಳಿಕ. ಅದನ್ನು ವಿಜ್ಞಾನವೆಂದು ಕಲಿಸುವ ಆರ್ಕನ್ಸಾ ರಾಜ್ಯದ ಕಾನೂನು 1982ರಲ್ಲಿ ಬಿದ್ದುಹೋದಾಗ ದಾವೆ ಹೂಡಿದವರಲ್ಲಿ ಅನೇಕರು ಬಿಷಪ್‌ಗಳೂ ಪಾದ್ರಿಗಳೂ ಆಗಿದ್ದರು. ಜೀವಿಗಳ ರಚನೆಗೆ ಬುದ್ಧಿಯುಳ್ಳ ಕರ್ತೃವೊಬ್ಬ ಬೇಕೆಂದು, ಬುದ್ಧಿಪೂರ್ವಕ ರಚನೆ ಎಂಬ ಹೊಸ ಹೆಸರಿನಿಂದ ಬಂದ ವಾದವನ್ನು ಪೆನ್ಸಿಲ್ವೇನಿಯದ ಡೋವರ್ ಪ್ರಕರಣದಲ್ಲಿ 2005ರಲ್ಲಿ ನ್ಯಾಯಾಲಯ ಧಾರ್ಮಿಕ ಮತವೆಂದೇ ತೀರ್ಮಾನಿಸಿತು.

ಕಥೋಲಿಕ ಧರ್ಮಸಭೆ

ದೇಹವನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟು ಆತ್ಮವನ್ನು ಧರ್ಮಕ್ಕೆ ಉಳಿಸಿಕೊಳ್ಳುವ ಸೂತ್ರವನ್ನು ಹೆಚ್ಚು ಶಾಸ್ತ್ರಬದ್ಧವಾಗಿ ರೂಪಿಸಿದ್ದು ಕಥೋಲಿಕ ಸಂಪ್ರದಾಯ. ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಸೇಂಟ್ ಜಾರ್ಜ್ ಮಿವಾರ್ಟ್ 1871ರಲ್ಲಿ ಈ ಸೂತ್ರವನ್ನು ಮುಂದಿಟ್ಟ. 1900ರಲ್ಲಿ ಆತ ಧರ್ಮಸಭೆಯಿಂದ ಬಹಿಷ್ಕೃತನಾದದ್ದು ನಿಜವಾದರೂ ಅದಕ್ಕೆ ಕಾರಣ ನರಕವೇ ಮೊದಲಾದ ಬೇರೆ ವಿಷಯಗಳ ಬರಹ. ಅಮೆರಿಕದ ಪಾದ್ರಿ ಜಾನ್ ಜಾಮ್ 1896ರಲ್ಲಿ ವಿಕಾಸವನ್ನು ಸಮರ್ಥಿಸಿ ಬರೆದ ಗ್ರಂಥವನ್ನು ರೋಮ್ 1898ರಲ್ಲಿ ನಿಷೇಧಿಸಲು ನಿರ್ಧರಿಸಿ ಆ ಆಜ್ಞೆಯನ್ನು ಪ್ರಕಟಿಸದೆ ಇಟ್ಟುಕೊಂಡಿತು. ಚೀನಾದ ಝೌಕೌಡಿಯನ್‌ನಲ್ಲಿ ಪೀಕಿಂಗ್ ಮಾನವನ ಶೋಧದಲ್ಲಿ ಪಾಲ್ಗೊಂಡ ಜೆಸ್ವಿಟ್ ಪಾದ್ರಿ ಪಿಯೆರ್ ತೆಯಾರ್ ದ ಶಾರ್ದಾ ವಿಶ್ವವೆಲ್ಲ ಚೈತನ್ಯದ ಕಡೆಗೆ ವಿಕಾಸಗೊಳ್ಳುತ್ತಿದೆಯೆಂದು ಬರೆದ ಮುಖ್ಯಕೃತಿ ಆತ ತೀರಿಕೊಂಡ 1955ರವರೆಗೂ ಬೆಳಕು ಕಾಣಲಿಲ್ಲ.

ಪೋಪ್ ಹನ್ನೆರಡನೆಯ ಪಯಸ್ 1950ರ ಆಗಸ್ಟಿನಲ್ಲಿ ಹೊರಡಿಸಿದ ‘ಹ್ಯೂಮಾನಿ ಜೆನೆರಿಸ್’ ಎಂಬ ಪತ್ರ, ಮನುಷ್ಯದೇಹ ಮೊದಲೇ ಇದ್ದ ಜೀವದ್ರವ್ಯದಿಂದ ಬಂದಿರಬಹುದೆಂಬುದನ್ನು ತಜ್ಞರು ಚರ್ಚಿಸಲು ಅವಕಾಶವಿತ್ತು, ಪ್ರತಿಯೊಂದು ಆತ್ಮವನ್ನೂ ದೇವರೇ ನೇರವಾಗಿ ಸೃಷ್ಟಿಸುತ್ತಾನೆಂಬುದನ್ನು ಖಡಾಖಂಡಿತವಾಗಿ ಉಳಿಸಿಕೊಂಡಿತು. ಮನುಷ್ಯಕುಲಕ್ಕೆ ಆದಾಮನಲ್ಲದೆ ಬೇರೆ ಮೂಲಪುರುಷರಿದ್ದರೆಂಬ ಊಹೆಗೆ ಮಾತ್ರ ಅದು ಅನುಮತಿ ಕೊಡಲಿಲ್ಲ, ಏಕೆಂದರೆ ಆದಾಮನೊಬ್ಬನ ಅವಿಧೇಯತೆ ಎಲ್ಲರಿಗೂ ಹುಟ್ಟಿನಿಂದ ಅಂಟಿಬಂದಿತೆಂಬ ಆದಿಪಾಪದ ಬೋಧನೆಯೂ, ಅದರಿಂದ ಬಿಡಿಸಲು ಕ್ರಿಸ್ತ ಬಂದನೆಂಬ ಬೋಧನೆಯೂ ಆ ಎಳೆಗೆ ಕಟ್ಟಿಕೊಂಡಿವೆ. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. ಇಕ್ಕಟ್ಟು ಬಂದದ್ದು ಆಮೇಲೆ, ತಳಿವಿಜ್ಞಾನದ ಕಡೆಯಿಂದ. ಇಂದಿನ ಮನುಷ್ಯರಲ್ಲಿರುವ ಆನುವಂಶಿಕ ವೈವಿಧ್ಯವನ್ನು ನೋಡಿದರೆ ನಮ್ಮ ಪೂರ್ವಜರಲ್ಲಿ ಸಂತಾನ ಪಡೆಯುತ್ತಿದ್ದವರ ಸಂಖ್ಯೆ ಸುಮಾರು ಹತ್ತು ಸಾವಿರದ ಆಸುಪಾಸಿನಲ್ಲಿತ್ತೆಂದು ಅಂದಾಜಾಗುತ್ತದೆ. ಇತ್ತೀಚಿನ ಕಾಲದಲ್ಲಿದ್ದ ಒಂದೇ ದಂಪತಿಯಿಂದ ಅಷ್ಟು ವೈವಿಧ್ಯ ಬರಲಾರದು. ಇದಕ್ಕೆ ಪರಿಹಾರವಾಗಿ ಅಮೆರಿಕದ ವಿಜ್ಞಾನಿ ಜೋಶುವಾ ಸ್ವಾಮಿದಾಸ್ 2019ರ ಗ್ರಂಥದಲ್ಲಿ, ಬೈಬಲ್ಲಿನ ಪ್ರಕಾರ ಆದಾಮನಿದ್ದ ತೋಟದ ಹೊರಗೆ ಬೇರೆ ಜನರೂ ಇದ್ದು ಅವರೊಂದಿಗೆ ಆದಾಮನ ಸಂತತಿ ಬೆರೆತಿದ್ದರೆ ಕೆಲವೇ ಸಾವಿರ ವರ್ಷಗಳಲ್ಲಿ ಆತ ವಂಶಾವಳಿಯ ಲೆಕ್ಕದಲ್ಲಿ ಎಲ್ಲರ ಪೂರ್ವಜನಾಗಬಲ್ಲನೆಂದು ತೋರಿಸಿದ. ಗಣಿತ ಸರಿಯಾಗಿದೆ, ಆದರೆ ತೋಟದ ಹೊರಗಿದ್ದವರಿಗೆ ಆತ್ಮವಿತ್ತೇ ಎಂದು ಕೇಳಿದರೆ ಮಾತು ಲಾ ಪೇರೇರ್ ನಿಂತಲ್ಲಿಗೇ ಹಿಂತಿರುಗುತ್ತದೆ.

ಇಸ್ಲಾಂ ಮತ್ತು ಯೆಹೂದಿ ಮತ

ಕುರಾನಿನಲ್ಲಿ ಸೃಷ್ಟಿಯ ಕಾಲಗಣನೆ ಇಲ್ಲದಿರುವುದರಿಂದ ಭೂಮಿಯ ವಯಸ್ಸು ಮುಸ್ಲಿಂ ಚಿಂತಕರನ್ನು ಹೆಚ್ಚು ಕಾಡಲಿಲ್ಲ. ಮಣ್ಣಿನಿಂದ ಆದಂನ ಸೃಷ್ಟಿಯೇ ಅಲ್ಲಿನ ಮುಖ್ಯ ಪ್ರಶ್ನೆ. ಜಮಾಲುದ್ದೀನ್ ಅಫ್ಘಾನಿ ಹೈದರಾಬಾದಿನಲ್ಲಿದ್ದಾಗ ಪರ್ಷಿಯನ್ ಭಾಷೆಯಲ್ಲಿ ಬರೆದ ಭೌತವಾದ ಖಂಡನೆಯಲ್ಲಿ ಡಾರ್ವಿನ್‌ನನ್ನು ಗೇಲಿ ಮಾಡಿದರೆ, ಟ್ರಿಪೋಲಿಯ ವಿದ್ವಾಂಸ ಹುಸೇನ್ ಅಲ್-ಜಿಸ್ರ್ 1888ರಲ್ಲಿ ವಿಕಾಸಕ್ಕೆ ನಿರ್ವಿವಾದ ಪ್ರಮಾಣ ದೊರೆತಲ್ಲಿ ವಚನಗಳನ್ನು ಅದಕ್ಕೆ ಹೊಂದುವಂತೆ ವ್ಯಾಖ್ಯಾನಿಸಬಹುದೆಂದ. 1929ರ ಜನವರಿಯಲ್ಲಿ ಮದರಾಸು, ಮೈಸೂರು, ಹೈದರಾಬಾದುಗಳ ಪ್ರವಾಸದಲ್ಲಿ ಉಪನ್ಯಾಸಗಳನ್ನಿತ್ತ ಕವಿ ಮುಹಮ್ಮದ್ ಇಕ್ಬಾಲ್, ಆ ಮಾಲೆಯಿಂದ ಬೆಳೆದ ಗ್ರಂಥದಲ್ಲಿ ಆದಂನ ಪತನದ ಕಥೆಗೂ ಭೂಮಿಯ ಮೇಲೆ ಮನುಷ್ಯ ಮೊದಲು ಕಾಣಿಸಿಕೊಂಡದ್ದಕ್ಕೂ ಸಂಬಂಧವಿಲ್ಲ, ಅದು ಸಹಜಪ್ರವೃತ್ತಿಯ ಸ್ಥಿತಿಯಿಂದ ಸ್ವತಂತ್ರ ಪ್ರಜ್ಞೆಗೆ ಮನುಷ್ಯ ಏರಿದುದರ ಕಥನ ಎಂದು ಪ್ರತಿಪಾದಿಸಿದರು. ಯೆಹೂದ್ಯರಲ್ಲಿ ರಬ್ಬಿ ಅಬ್ರಹಾಂ ಐಸಾಕ್ ಕೂಕ್ ವಿಕಾಸದ ಕಲ್ಪನೆ ತಮ್ಮ ಅನುಭಾವ ಪರಂಪರೆಯಾದ ಕಬ್ಬಾಲಕ್ಕೆ ಇತರ ದರ್ಶನಗಳಿಗಿಂತ ಚೆನ್ನಾಗಿ ಹೊಂದುತ್ತದೆಂದು ಭಾವಿಸಿದ್ದರು.

ಭಾರತೀಯ ಪರಂಪರೆಗಳು

ಪುರಾಣಗಳ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲಾದ ಕಲ್ಪಕ್ಕೆ 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂಬ ವಿಜ್ಞಾನದ ನಿರ್ಣಯಕ್ಕೆ ಇದು ಸಮೀಪವಾಗಿರುವುದು ಕಾಕತಾಳೀಯ, ಏಕೆಂದರೆ ಕಲ್ಪಗಳು ಮರಳಿ ಮರಳಿ ಬರುವಂಥವು. ಅದಕ್ಕಿಂತ ಮುಖ್ಯವಾಗಿ, ಕೃತಯುಗದ ಮನುಷ್ಯ ಕಲಿಯುಗದವನಿಗಿಂತ ಎಲ್ಲ ಬಗೆಯಲ್ಲೂ ಶ್ರೇಷ್ಠನೆನ್ನುವ ಯುಗಕಲ್ಪನೆಯ ದಿಕ್ಕು ಇಳಿತದ್ದು. ಆದರೂ ಮೀನು, ಆಮೆ, ಹಂದಿ, ನರಸಿಂಹ, ವಾಮನ ಎಂಬ ಅವತಾರಗಳ ಸಾಲಿನಲ್ಲಿ ವಿಕಾಸದ ಸೂಚನೆಯಿದೆಯೆಂಬ ಮಾತು ಕೇಶವಚಂದ್ರ ಸೇನರ 1882ರ ಉಪನ್ಯಾಸದಿಂದ ಹಿಡಿದು, ಭಾರತದ ಪೌರತ್ವ ಪಡೆದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್‌ವರೆಗೆ ಹಲವರ ಬಾಯಲ್ಲಿ ಬಂದಿದೆ. ಕಲ್ಪನೆ ಆಕರ್ಷಕ. ಆದರೆ ಒಬ್ಬನೇ ವಿಷ್ಣು ಬೇರೆಬೇರೆ ರೂಪ ತಾಳುವುದಕ್ಕೂ ಒಂದು ಜೀವಿ ಇನ್ನೊಂದರಿಂದ ವಂಶಪರಂಪರೆಯಾಗಿ ಇಳಿದುಬರುವುದಕ್ಕೂ ತಾಳಮೇಳವಿಲ್ಲ. ಇದನ್ನು ಸಮನ್ವಯವೆನ್ನುವುದಕ್ಕಿಂತ ಹೋಲಿಕೆಯೆನ್ನುವುದು ಸರಿ.

ತಾತ್ತ್ವಿಕ ತೂಕವಿರುವ ಪ್ರಯತ್ನ ಸ್ವಾಮಿ ವಿವೇಕಾನಂದರದು. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದವನ್ನು ಹಿಡಿದು, ಒಳಗೆ ಇಲ್ಲದ್ದು ಹೊರಗೆ ಅರಳಲಾರದಾದ್ದರಿಂದ ವಿಕಾಸಕ್ಕೆ ಮುಂಚೆ ಚೈತನ್ಯದ ಸಂಕೋಚ ನಡೆದಿರಲೇಬೇಕೆಂದು ಅವರು ವಾದಿಸಿದರು. 1896ರಲ್ಲಿ ಪ್ರಕಟವಾದ ‘ರಾಜಯೋಗ’ದಲ್ಲಿ ಪತಂಜಲಿಯ ಸೂತ್ರಗಳನ್ನು ವ್ಯಾಖ್ಯಾನಿಸುತ್ತ, ರೈತನು ಅಡ್ಡಗಟ್ಟನ್ನು ತೆಗೆದಾಗ ನೀರು ತಾನಾಗಿ ಗದ್ದೆಗೆ ಹರಿಯುವಂತೆ ಜೀವಿಯಲ್ಲಿ ಸಹಜವಾಗಿರುವ ಪೂರ್ಣತೆ ಪ್ರಕಟವಾಗುವುದೇ ಜಾತ್ಯಂತರವೆಂದೂ, ಹೋರಾಟ ಮತ್ತು ಸ್ಪರ್ಧೆ ಅದಕ್ಕೆ ಅನಿವಾರ್ಯವಲ್ಲವೆಂದೂ ಹೇಳಿದರು. ಡಾರ್ವಿನ್‌ನಿಂದ ವಿಕಾಸವನ್ನು ಪಡೆದು ನೈಸರ್ಗಿಕ ಆಯ್ಕೆಯನ್ನು ಬದಿಗಿಡುವ ಈ ನಿಲುವನ್ನು ಶ್ರೀ ಅರವಿಂದರು ಪಾಂಡಿಚೇರಿಯ ‘ಆರ್ಯ’ ಪತ್ರಿಕೆಯಲ್ಲಿ 1914ರಿಂದ ಪ್ರಕಟಿಸಿದ ‘ದಿವ್ಯಜೀವನ’ದಲ್ಲಿ ವಿಸ್ತರಿಸಿ, ಮನುಷ್ಯನೇ ವಿಕಾಸದ ಕೊನೆಯಲ್ಲ, ಅತಿಮಾನಸದತ್ತ ಸಾಗುವ ಒಂದು ಮಜಲು ಎಂದರು. ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯದ ಮೇಲೆ ಅರವಿಂದ ದರ್ಶನದ ಪ್ರಭಾವವನ್ನು ವಿಮರ್ಶಕರು ಗುರುತಿಸಿದ್ದು, ಕನ್ನಡ ಸಾಹಿತ್ಯದಲ್ಲಿ ವಿಕಾಸಕ್ಕೆ ಆಧ್ಯಾತ್ಮಿಕ ಅರ್ಥ ಬಂದದ್ದು ಮುಖ್ಯವಾಗಿ ಈ ದಾರಿಯಲ್ಲಿ. ಅವರ ಮಗ ಪೂರ್ಣಚಂದ್ರ ತೇಜಸ್ವಿ ‘ಮಿಸ್ಸಿಂಗ್ ಲಿಂಕ್’ ಕೃತಿಯಲ್ಲಿ ಅದೇ ವಿಷಯವನ್ನು ಪಳೆಯುಳಿಕೆಗಳ ಹುಡುಕಾಟದ ಕಥೆಯಾಗಿ ಕನ್ನಡ ಓದುಗರ ಮುಂದಿಟ್ಟರು. ಆಧುನಿಕ ಹಿಂದೂ ಚಿಂತನೆ ಒಂದೇ ದನಿಯದೆಂದು ತಿಳಿಯಬಾರದು: ಮೊದಲ ಮನುಷ್ಯರು ತರುಣರಾಗಿಯೇ ತ್ರಿವಿಷ್ಟಪದಲ್ಲಿ, ಅಂದರೆ ಟಿಬೆಟ್ಟಿನಲ್ಲಿ, ಸೃಷ್ಟಿಯಾದರೆಂದು ದಯಾನಂದ ಸರಸ್ವತಿಯವರ ‘ಸತ್ಯಾರ್ಥಪ್ರಕಾಶ’ ಹೇಳುತ್ತದೆ.

ಜೈನರಿಗೆ ಸೃಷ್ಟಿಕರ್ತನೇ ಇಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣ ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕದಿಂದ ಖಂಡಿಸಿದ್ದು, ಅದನ್ನು ಆಧರಿಸಿ ಪಂಪ 941ರಲ್ಲಿ ರಚಿಸಿದ ಕನ್ನಡ ಆದಿಪುರಾಣದಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುತ್ತಿದ್ದ ಭೋಗಭೂಮಿ ಕ್ರಮೇಣ ಬರಿದಾಗಿ, ಮೊದಲ ತೀರ್ಥಂಕರನಾದ ಪುರುದೇವ ಜನರಿಗೆ ಕೃಷಿಯನ್ನೂ ಬರಹವನ್ನೂ ಕಸುಬುಗಳನ್ನೂ ಕಲಿಸುವ ಕರ್ಮಭೂಮಿ ಆರಂಭವಾಗುವ ಕಥನವಿದೆ. ಇದು ಸಮಾಜ ಬದಲಾದ ಕಥೆ, ದೇಹ ಬದಲಾದುದರ ಕಥೆಯಲ್ಲ. ವಿಶ್ವ ಅನಾದಿ, ಅದರಲ್ಲಿ ಮನುಷ್ಯಜನ್ಮವೂ ಅನಾದಿ ಎನ್ನುವ ಜೈನದರ್ಶನಕ್ಕೆ ತೊಡಕಾಗುವುದು ದೇವರಿಲ್ಲದಿರುವುದಲ್ಲ, ಮನುಷ್ಯನೇ ಇಲ್ಲದ ಕಾಲವಿತ್ತೆಂಬುದು. ಬೌದ್ಧರಲ್ಲಿ ದಲೈ ಲಾಮಾ 2005ರ ಗ್ರಂಥದಲ್ಲಿ ವಿಕಾಸವನ್ನು ಬಹುಮಟ್ಟಿಗೆ ಒಪ್ಪಿಯೂ ಉತ್ಪರಿವರ್ತನೆಗಳು ಯಾದೃಚ್ಛಿಕವೆಂಬ ವಿವರಣೆ ತೃಪ್ತಿಕರವಲ್ಲವೆಂದಿದ್ದಾರೆ, ಏಕೆಂದರೆ ಕರ್ಮಸಿದ್ಧಾಂತ ಅಲ್ಲಿ ಪ್ರವೇಶ ಬೇಡುತ್ತದೆ.

ಸಮನ್ವಯದ ಮಾದರಿಗಳು

ಧರ್ಮ-ವಿಜ್ಞಾನಗಳ ಸಂಬಂಧವನ್ನು ಸಂಘರ್ಷ, ಸ್ವಾತಂತ್ರ್ಯ, ಸಂವಾದ, ಏಕೀಕರಣ ಎಂದು ಇಯಾನ್ ಬಾರ್ಬರ್ ಮಾಡಿದ ವಿಂಗಡಣೆ ಪ್ರಚಾರದಲ್ಲಿದೆ. ಪಳೆಯುಳಿಕೆ ತಜ್ಞ ಸ್ಟೀಫನ್ ಜೇ ಗೂಲ್ಡ್ 1997ರಲ್ಲಿ ಸೂಚಿಸಿದಂತೆ ವಾಸ್ತವಾಂಶ ವಿಜ್ಞಾನದ ಕ್ಷೇತ್ರ, ಮೌಲ್ಯ ಧರ್ಮದ ಕ್ಷೇತ್ರ ಎಂದು ಗಡಿ ಹಾಕುವುದು ಸುಲಭವಾಗಿ ಕಂಡರೂ ಆದಾಮನಂತಹ ವ್ಯಕ್ತಿಗಳನ್ನೂ ಪುನರ್ಜನ್ಮದಂತಹ ಘಟನೆಗಳನ್ನೂ ವಾಸ್ತವವೆಂದು ನಂಬುವ ಮತಗಳು ಆ ಗಡಿಯೊಳಗೆ ನಿಲ್ಲುವುದಿಲ್ಲ. ಆರ್ಥಡಾಕ್ಸ್ ಕ್ರೈಸ್ತನಾಗಿದ್ದ ತಳಿವಿಜ್ಞಾನಿ ಥಿಯೋಡೋಸಿಯಸ್ ಡಾಬ್‌ಜಾನ್‌ಸ್ಕಿ, ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಮೊದಲಾದವರು ವಿಕಾಸವೇ ದೇವರ ಸೃಷ್ಟಿವಿಧಾನವೆಂಬ ದೈವಿಕ ವಿಕಾಸವಾದವನ್ನು ಎತ್ತಿಹಿಡಿದಿದ್ದಾರೆ. ವಿಜ್ಞಾನಕ್ಕೆ ಇನ್ನೂ ತಿಳಿಯದ ಜಾಗದಲ್ಲಿ ದೇವರನ್ನು ಕೂರಿಸಿದ ವಾದಗಳು ಆ ಜಾಗ ತುಂಬಿದೊಡನೆ ಕುಸಿದಿವೆ, ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತು ಎನ್ನುವ ವಾದಗಳು ಯಾವ ಹೊಸ ಸಂಗತಿಯನ್ನೂ ತಿಳಿಸಿಲ್ಲ. ವಿಜ್ಞಾನವನ್ನು ಅದು ಇರುವಂತೆಯೇ ಒಪ್ಪಿ, ತಮ್ಮ ಬೋಧನೆಯಲ್ಲಿ ಯಾವುದನ್ನು ಮರುವ್ಯಾಖ್ಯಾನಿಸಬೇಕಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದವರ ಸಮನ್ವಯವೇ ಹೆಚ್ಚು ಕಾಲ ಬಾಳಿದೆ.

ಭಾರತದಲ್ಲಿ ಈ ವಿವಾದ ಸಾರ್ವಜನಿಕವಾಗಿ ಎದ್ದದ್ದು ತಡವಾಗಿ. ಮಂಗ ಮನುಷ್ಯನಾದುದನ್ನು ಯಾರೂ ಕಂಡಿಲ್ಲವಾದ್ದರಿಂದ ಡಾರ್ವಿನ್‌ನ ಸಿದ್ಧಾಂತವನ್ನು ಪಠ್ಯದಿಂದ ತೆಗೆಯಬೇಕೆಂದು ಕೇಂದ್ರದ ರಾಜ್ಯ ಸಚಿವರೊಬ್ಬರು 2018ರ ಜನವರಿಯಲ್ಲಿ ಹೇಳಿದಾಗ, ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆಯಲ್ಲಿ ಅದನ್ನು ತಳ್ಳಿಹಾಕಿದವು. ಪಠ್ಯದ ಹೊರೆ ಇಳಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಆನುವಂಶೀಯತೆ ಮತ್ತು ವಿಕಾಸ’ ಅಧ್ಯಾಯದಿಂದ ವಿಕಾಸದ ಭಾಗವನ್ನು ತೆಗೆದುಹಾಕಿದಾಗ 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರದ ಮೂಲಕ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಉಳಿದಿದೆ. ಹತ್ತರ ಬಳಿಕ ಜೀವಶಾಸ್ತ್ರವನ್ನು ಆಯ್ದುಕೊಳ್ಳದ ವಿದ್ಯಾರ್ಥಿಗೆ ಈ ಪರಿಷ್ಕೃತ ಪಠ್ಯಗಳಲ್ಲಿ ಅದು ಸಿಗುವುದಿಲ್ಲ.